ಕೆಮ್ಮಣ್ಣಿನ ಚುಕ್ಕೆ

ಹೊಳೆಯ ಈ ದಡದಲ್ಲಿ ಗೆರೆ ಕಲಿಸುತ್ತಿದ್ದರು. ಆ ದಡದಲ್ಲಿ ಬಣ್ಣ.

ಗೆರೆ ಕಲಿಸುವ ಗುರುಗಳು ಕಾಳಹಸ್ತಾಚಾರ್ಯರು. ಅವರಿಗೆ ವಯಸ್ಸಾಗಿತ್ತು. ಕಲಿಯುವವರ ಹಲಗೆ ತಿದ್ದುವ ಕೆಲಸವನ್ನು ಬಹಳ ಹಿಂದೆಯೇ ಶಿಷ್ಯೆ ಮಲ್ಲಾಜಮ್ಮನಿಗೆ ಬಿಟ್ಟುಕೊಟ್ಟಿದ್ದರು.

ತಿದ್ದುವುದಕ್ಕೆ ಅಲ್ಲೊಂದು ಕ್ರಮವಿತ್ತು. ಕಲಿಯುವವರು ಸುಣ್ಣ ಬಳಿದ ಹಲಗೆಯ ಮೇಲೆ ಹುಣಿಸೆ ಕಡ್ಡಿಯ ಇದ್ದಿಲಿನಿಂದ ಬರೆಯಬೇಕು. ಸಂಜೆ ಹಲಗೆಯನ್ನು ಜಗುಲಿಯ ಗೋಡೆಗೆ ಒರಗಿಸಬೇಕು. ಗೆರೆ ತಪ್ಪಿದ ಕಡೆ ತಿದ್ದುವವಳು ಕೆಮ್ಮಣ್ಣಿನ ಒಂದು ಚುಕ್ಕೆ ಇಡಬೇಕು. ಅಷ್ಟೇ. ತಪ್ಪು ಏನೆಂದು ಹೇಳುವಂತಿಲ್ಲ. ಸರಿಯಾದ ಗೆರೆಯನ್ನು ತಾನು ಎಳೆದು ತೋರಿಸುವಂತಿಲ್ಲ. ಚುಕ್ಕೆಯ ಹತ್ತಿರ ಏನಾಗಿದೆಯೆಂದು ಬರೆದವರೇ ನೋಡಿ ಕಂಡುಕೊಳ್ಳಬೇಕು.

ಕೊನೆಯ ಪಾಠ ಸಾಲುಮರ. ದೂರಕ್ಕೆ ಹೋಗುವ ಒಂದು ದಾರಿ, ಅದರ ಎರಡೂ ಬದಿಗೆ ಮರಗಳು. ಹತ್ತಿರದ ಮರ ದೊಡ್ಡದು, ಮುಂದಿನದು ಅದಕ್ಕಿಂತ ಚಿಕ್ಕದು. ಹೀಗೆ ಚಿಕ್ಕದಾಗುತ್ತ ದಾರಿಯೂ ಮರಗಳೂ ನೋಡುವವರ ಕಣ್ಣಿನ ಎತ್ತರದಲ್ಲಿ ಒಂದೇ ಕಡೆ ಹೋಗಿ ಕೂಡಬೇಕು.

ಮೂರು ಸಂಜೆ ಒಂದರ ಹಿಂದೊಂದು ಸಾಲುಮರಕ್ಕೆ ಚುಕ್ಕೆ ಬೀಳದಿದ್ದರೆ, ಮಾರನೆಯ ಬೆಳಿಗ್ಗೆ ಹರಿಗೋಲು ಹತ್ತಿ ಆಚೆ ದಡಕ್ಕೆ ಹೋಗಬಹುದು.

ಹೋದವರು ತಿರುಗಿ ಬರುತ್ತಿರಲಿಲ್ಲ. ಬರಬಾರದೆಂದೇನೂ ಇರಲಿಲ್ಲ. ಅಲ್ಲಿ ಕಲಿಯುವುದು ತುಂಬ ಇತ್ತು.

ಹೀಗಾಗಿ ಮಲ್ಲಾಜಮ್ಮ ಚೆನ್ನಾಗಿ ತಿದ್ದಿದಷ್ಟೂ ಜಗುಲಿ ಬೇಗ ಖಾಲಿಯಾಗುತ್ತಿತ್ತು.

ನಿಂಗಾಜಿ ಬರುವ ಹೊತ್ತಿಗೆ ಜಗುಲಿಯಲ್ಲಿ ಎರಡು ವರ್ಷದಿಂದ ಯಾರೂ ಇರಲಿಲ್ಲ. ಗುರುಗಳು ದಿನಕ್ಕೆ ನಾಲ್ಕು ಮಾತಾಡುತ್ತಿದ್ದರು. ಅದರಲ್ಲಿ ಎರಡು ಬೆಕ್ಕಿನ ಜೊತೆ.

ನಿಂಗಾಜಿ ಬಳೆಗಾರರ ಮನೆಯವಳು. ಇಪ್ಪತ್ತೈದು ವರ್ಷದವಳು, ಬಾಯಿ ಮುಚ್ಚಿ ಗೊತ್ತಿಲ್ಲದವಳು. ಮೊದಲ ದಿನ ಅಡ್ಡಗೆರೆ ಇಪ್ಪತ್ತು, ಉದ್ದಗೆರೆ ಇಪ್ಪತ್ತು ಎಳೆದು ಹಲಗೆ ಒರಗಿಸಿದಳು. ಮಲ್ಲಾಜಮ್ಮ ಐವತ್ತಮೂರು ಚುಕ್ಕೆ ಇಟ್ಟಳು.

“ಇದೇನಕ್ಕ, ಹಲಗೆಗೆ ಸಿಡುಬು ಎದ್ದಂಗದೆ!”

ಮಲ್ಲಾಜಮ್ಮ ಬೆರಳಿನ ಕೆಮ್ಮಣ್ಣು ಒರೆಸಿಕೊಂಡಳು.

“ಇರೋದು ನಲವತ್ತು ಗೆರೆ. ತಪ್ಪು ಐವತ್ತಮೂರಾ?”

“ಕೆಲವು ಗೆರೆ ಎರಡು ಸಲ ತಪ್ಪಿವೆ.”

ನಿಂಗಾಜಿ ಇದ್ದಿಲಿನ ಕೈಯನ್ನು ಅರ್ಧ ತೊಳೆದು ಊಟಕ್ಕೆ ಕೂತಳು. ತಟ್ಟೆಯಲ್ಲಿದ್ದ ಮುದ್ದೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಅಕ್ಕ, ಈ ಮುದ್ದೆ ಈ ಕಡೆ ಒಸಿ ಚಪ್ಪಟೆ. ಚುಕ್ಕೆ ಇಡ್ಲಾ?”

ಗುರುಗಳು ನಕ್ಕರು. ಅವರು ನಕ್ಕಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೆಂದು ಮಲ್ಲಾಜಮ್ಮನಿಗೆ ನೆನಪಾಗಲಿಲ್ಲ.

ಒಂದು ವಾರ ಎಲ್ಲ ಚುಕ್ಕೆಗಳೂ ಗೆರೆಯ ಕೊನೆಯಲ್ಲೇ ಬಿದ್ದವು. ನಿಂಗಾಜಿ ದಿನಾ ಬೆಳಿಗ್ಗೆ ಹಲಗೆಯ ಮುಂದೆ ಕೂತು ತಲೆ ಕೆರೆದುಕೊಂಡಳು. ಎಂಟನೆಯ ದಿನ ಜಗುಲಿಯಿಂದಲೇ ಕೂಗಿದಳು.

“ಅಕ್ಕ, ಗೊತ್ತಾಯ್ತು! ಈ ಗೆರೆ ಮುಗಿಯೋಕೆ ಮುಂಚೇನೇ ನನ್ನ ಕಣ್ಣು ಮುಂದಿನ ಗೆರೆಗೆ ಓಡ್ತದೆ. ಅದಕ್ಕೇ ಬಾಲ ಸೊಟ್ಟ.”

ಅಡಿಗೆಮನೆಯಲ್ಲಿ ಮಲ್ಲಾಜಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆದರೆ ಅಂದು ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಆರು ತಿಂಗಳಿಗೆ ಸಾಲುಮರದ ಪಾಠ ಬಂತು. ಮೊದಲ ಹಲಗೆಯಲ್ಲಿ ದಾರಿ ದೂರ ಹೋಗಲಿಲ್ಲ, ಗೋಡೆಯ ಹಾಗೆ ಎದ್ದು ನಿಂತಿತು. ಅತ್ತ ಹಾದುಹೋಗುತ್ತಿದ್ದ ಗುರುಗಳು ನಿಂತು ನೋಡಿದರು.

“ಈ ದಾರಿಯಲ್ಲಿ ಹೋಗುವವರು ಏಣಿ ತರಬೇಕು.”

“ಅಯ್ಯ, ನೀವು ಹೇಳಂಗಿಲ್ಲ!”

“ತಿದ್ದುವವಳು ಹೇಳುವಂತಿಲ್ಲ. ನಾನು ದಾರಿಹೋಕ.”

ದಿನಗಳು ಕಳೆದವು. ಚುಕ್ಕೆಗಳು ಇಪ್ಪತ್ತಕ್ಕೆ ಇಳಿದವು, ಹತ್ತಕ್ಕೆ ಇಳಿದವು, ಎರಡಕ್ಕೆ ಬಂದವು. ಒಂದು ಸಂಜೆ ಮಲ್ಲಾಜಮ್ಮ ಹಲಗೆ ನೋಡಿ, ಕೆಮ್ಮಣ್ಣಿನ ಬಟ್ಟಲನ್ನು ಮುಟ್ಟದೆ ಎದ್ದಳು. ಮರುದಿನವೂ ಹಾಗೇ ಎದ್ದಳು.

ಮೂರನೆಯ ಸಂಜೆ ಹಲಗೆಯನ್ನು ಹತ್ತಿರದಿಂದ ನೋಡಿದಳು. ಅಂಗಳಕ್ಕೆ ಇಳಿದು ದೂರದಿಂದ ನೋಡಿದಳು. ಹಲಗೆಯನ್ನು ಮಲಗಿಸಿ, ಒಂದು ಕಣ್ಣು ಮುಚ್ಚಿ, ಗೆರೆಯ ಉದ್ದಕ್ಕೂ ನೋಡಿದಳು. ದಾರಿ ಹೋಗಬೇಕಾದಲ್ಲಿಗೆ ಹೋಗಿತ್ತು. ಮರಗಳು ಅದರ ಜೊತೆ ಹೋಗಿದ್ದವು.

ಒಳಗೆ ನಿಂಗಾಜಿ ಅಕ್ಕಿ ತೊಳೆಯುತ್ತ ಕೇಳಿದಳು. “ಅಕ್ಕ, ಆಚೆ ದಡದಲ್ಲಿ ಮುದ್ದೆ ಮಾಡ್ತಾರೋ ಬರೀ ಅನ್ನಾನೋ?”

ಮಲ್ಲಾಜಮ್ಮ ಬೆರಳನ್ನು ಬಟ್ಟಲಿಗೆ ಅದ್ದಿದಳು. ಎಡಸಾಲಿನ ನಾಲ್ಕನೆಯ ಮರದ ಬುಡದಲ್ಲಿ ಒಂದು ಚುಕ್ಕೆ ಇಟ್ಟಳು. ಸಾಸಿವೆ ಕಾಳಿನಷ್ಟು.

ಅಕ್ಕಿ ತೊಳೆದ ಕೈಯಲ್ಲೇ ನಿಂಗಾಜಿ ಬಂದು ನೋಡಿದಳು.

“ಓ,” ಎಂದಳು. “ಅಲ್ಲೇನೋ ತಪ್ಪು ಅದೆ.”

ಮರುದಿನವೆಲ್ಲ ಆ ಮರವನ್ನೇ ನೋಡಿದಳು. ಏನೂ ಕಾಣಲಿಲ್ಲ. ಆ ಹಲಗೆಯನ್ನು ತೊಳೆಯದೆ ಬದಿಗಿಟ್ಟು, ಬೇರೆ ಹಲಗೆಯಲ್ಲಿ ನಾಲ್ಕನೆಯ ಮರವನ್ನು ಸ್ವಲ್ಪ ಎತ್ತರ ಬರೆದಳು. ಈಗ ಅದು ನಿಜವಾಗಿಯೂ ತಪ್ಪಾಯಿತು. ಮಲ್ಲಾಜಮ್ಮ ಚುಕ್ಕೆ ಇಡಲೇಬೇಕಾಯಿತು. ನಿಂಗಾಜಿ ಅದನ್ನು ಗಿಡ್ಡ ಮಾಡಿದಳು. ಐದನೆಯದು ಎದ್ದು ಕಂಡಿತು. ಐದನೆಯದನ್ನು ಸರಿಸಿದಳು. ದಾರಿ ಬಾಗಿತು.

ಹದಿನೈದು ದಿನಕ್ಕೆ ಚುಕ್ಕೆಗಳು ಹನ್ನೆರಡಾದವು. ಅವಳ ಗೆರೆ ನಡುಗತೊಡಗಿತು. ಊಟಕ್ಕೆ ಕೂತಾಗ ಮುದ್ದೆ ಯಾವ ಕಡೆ ಚಪ್ಪಟೆಯೆಂದು ಅವಳು ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಇದ್ದಿಲ ಕಡ್ಡಿಗಳನ್ನು ಕಟ್ಟಿ ತಂದು ಮಲ್ಲಾಜಮ್ಮನ ಮುಂದೆ ಇಟ್ಟಳು.

“ಚುಕ್ಕೆ ಕಾಣ್ತದೆ ಅಕ್ಕ, ತಪ್ಪು ಕಾಣಲ್ಲ. ನನ್ನ ಕಣ್ಣಲ್ಲೇ ಏನೋ ಐಬು. ಅಮಾವಾಸ್ಯೆ ಕಳೀಲಿ, ಊರಿಗೆ ಹೋಗಿ ಬಳೆ ತೊಡಿಸ್ತೀನಿ. ಅದಕ್ಕೆ ಗೆರೆ ಬೇಡ.”

“ಇನ್ನೊಂದು ತಿಂಗಳು ನೋಡು.”

“ನೋಡಿ ನೋಡಿನೇ ಹಿಂಗಾಗಿದ್ದು.”

ಮಲ್ಲಾಜಮ್ಮ ಹಿತ್ತಲಿಗೆ ಹೋದಳು. ಗುರುಗಳು ಇದ್ದಿಲು ಸುಡಲು ಹುಣಿಸೆ ಕಡ್ಡಿಗಳ ಸಿಪ್ಪೆ ಹೆರೆಯುತ್ತಿದ್ದರು.

“ಅಯ್ಯ, ನಿಂಗಾಜಿಯ ಕೈ ಕೆಟ್ಟಿದೆ.”

“ಯಾವತ್ತಿನಿಂದ?”

ಅವಳು ಬಗ್ಗಿ ಚೆಲ್ಲಿದ್ದ ಸಿಪ್ಪೆಗಳನ್ನು ಕೂಡಿಸತೊಡಗಿದಳು.

“ಎಡಸಾಲಿನ ನಾಲ್ಕನೆಯ ಮರದಿಂದ,” ಎಂದರು ಗುರುಗಳು.

“ನಿಮಗೆ ಹೇಗೆ ಗೊತ್ತು?”

“ಅಂದು ಸಂಜೆ ನೀನು ಹಲಗೆಯನ್ನು ಮೂರು ಸಲ ನೋಡಿದೆ. ತಪ್ಪಿದ್ದರೆ ನಿನಗೆ ಒಂದೇ ಸಲ ಸಾಕು. ಆಮೇಲೆ ನಾನೂ ಹೋಗಿ ನೋಡಿದೆ.”

“ಗೊತ್ತಿದ್ದೂ ಸುಮ್ಮನಿದ್ದಿರಿ.”

ಗುರುಗಳು ಚಾಕುವನ್ನು ಕೆಳಗಿಟ್ಟರು.

“ಯಾವ ಬಾಯಲ್ಲಿ ಹೇಳಲಿ? ನಿನ್ನ ಹಲಗೆಯಲ್ಲಿ ಬಲಸಾಲಿನ ಮೂರನೆಯ ಮರ.”

ಅದು ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಅವಳ ಮೂರನೆಯ ಸಂಜೆಯ ಹಲಗೆಗೆ ಗುರುಗಳು ಇಟ್ಟಿದ್ದ ಒಂದೇ ಚುಕ್ಕೆ. ಆ ತಪ್ಪನ್ನು ಮಲ್ಲಾಜಮ್ಮ ಒಂದು ವರ್ಷ ಹುಡುಕಿದ್ದಳು. ಸಿಕ್ಕಿರಲಿಲ್ಲ. ಕೊನೆಗೆ, ಬೇರೆಯವರ ಗೆರೆ ನನಗೆ ಕಾಣುತ್ತದೆ, ನನ್ನದು ಮಾತ್ರ ಕಾಣುವುದಿಲ್ಲ ಎಂದುಕೊಂಡು ಇದ್ದಿಲು ಬಿಟ್ಟು ಕೆಮ್ಮಣ್ಣಿನ ಬಟ್ಟಲು ಹಿಡಿದಿದ್ದಳು.

“ಅಲ್ಲಿ ಏನು ತಪ್ಪಿತ್ತು, ಅಯ್ಯ?”

“ಏನೂ ಇರಲಿಲ್ಲ.”

ಹೊಳೆಯ ಮೇಲೆ ಹರಿಗೋಲಿನವನು ಯಾರನ್ನೋ ಕೂಗುವುದು ಕೇಳಿಸಿತು.

“ಇಪ್ಪತ್ತೆರಡು ವರ್ಷ,” ಎಂದಳು ಮಲ್ಲಾಜಮ್ಮ.

“ಹೌದು.”

“ಒಂದು ದಿನವಾದರೂ ಹೇಳಬಹುದಿತ್ತು.”

“ಹೇಳಬೇಕೆಂದು ದಿನಾ ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ನೀನು ಊಟಕ್ಕೆ ಕರೆಯುತ್ತಿದ್ದೆ.”

ಅಂದು ಒಲೆ ಹೊತ್ತಲಿಲ್ಲ. ಮಧ್ಯಾಹ್ನ ಗುರುಗಳೇ ಅವಲಕ್ಕಿ ನೆನೆಸಿ, ಬೆಲ್ಲ ಕಲಸಿ, ಮೂರು ತಟ್ಟೆಗೆ ಹಾಕಿದರು. ಮಲ್ಲಾಜಮ್ಮ ತನ್ನ ತಟ್ಟೆಯನ್ನು ಮುಟ್ಟಲಿಲ್ಲ.

“ಏನಾಯ್ತಕ್ಕ?” ನಿಂಗಾಜಿ ಕೇಳಿದಳು. “ಒಲೆ ಮೇಲೆ ಮುನಿಸಾ, ಅಯ್ಯನ ಮೇಲಾ?”

ಮಲ್ಲಾಜಮ್ಮ ಎದ್ದು ಹೋಗಿ, ಬದಿಗಿಟ್ಟಿದ್ದ ಆ ಹಲಗೆಯನ್ನು ತಂದು ನಿಂಗಾಜಿಯ ಮುಂದೆ ಒರಗಿಸಿದಳು. ನಾಲ್ಕನೆಯ ಮರವನ್ನು ಬೆರಳಿನಿಂದ ತೋರಿಸಿದಳು.

“ಇಲ್ಲಿ ತಪ್ಪಿಲ್ಲ.”

“ಚುಕ್ಕೆ ಅದೆಯಲ್ಲ.”

“ತಪ್ಪಿಲ್ಲದೆ ಇಟ್ಟೆ.”

“ಯಾಕೆ?”

“ನೀನು ಹೊರಟುಹೋಗುತ್ತಿದ್ದೆ.”

ನಿಂಗಾಜಿ ಹಲಗೆಯನ್ನು ನೋಡಿದಳು. ಉಗುರಿನಿಂದ ಆ ಚುಕ್ಕೆಯನ್ನು ಕೆರೆದಳು.

“ಹದಿನೈದು ದಿನ, ಅಕ್ಕ,” ಎಂದಳು ಕೊನೆಗೆ. “ನನ್ನ ಕಣ್ಣು ಕಂಡ್ರೆ ನನಗೇ ಆಗ್ತಿರಲಿಲ್ಲ.”

“ಗೊತ್ತು.”

“ನಿಮಗೇನು ಗೊತ್ತು!”

ಗುರುಗಳು ತಟ್ಟೆಯಿಂದ ತಲೆ ಎತ್ತಲಿಲ್ಲ.

“ಇರು ಅಂತ ಬಾಯಿಬಿಟ್ಟು ಒಂದು ಮಾತು ಅಂದಿದ್ರೆ ಎರಡು ತಿಂಗಳು ಇರ್ತಿದ್ನಲ್ಲ,” ಎಂದಳು ನಿಂಗಾಜಿ. “ಅದಕ್ಕೂ ಚುಕ್ಕೇನೇ ಬೇಕಿತ್ತಾ?”

“ಕೇಳಿ ಅಭ್ಯಾಸವಿಲ್ಲ.”

“ಈಗ ಕೇಳ್ತೀರಾ?”

ಮಲ್ಲಾಜಮ್ಮ ಬಾಯಿ ತೆರೆದಳು. ಹಲಗೆಯ ಕಡೆ ನೋಡಿದಳು.

“ಇಲ್ಲ. ಈಗ ಹೋಗು.”

ನಿಂಗಾಜಿ ಕಟ್ಟಿಟ್ಟ ಕಡ್ಡಿಗಳನ್ನು ಬಿಚ್ಚಿದಳು. ಅಂದೇ ಮಧ್ಯಾಹ್ನ ಒಂದು ಸಾಲುಮರ ಬರೆದಳು. ಮೊದಲ ಎರಡು ಮರ ನಡುಗಿದವು. ಅವುಗಳನ್ನು ಒರೆಸಿ ಮತ್ತೆ ಬರೆದಳು. ಉಳಿದವು ತಾವಾಗಿ ಬಂದವು. ತಿದ್ದಲು ಯಾರನ್ನೂ ಕರೆಯಲಿಲ್ಲ.

ಬೆಳಿಗ್ಗೆ ಗುರುಗಳ ಕಾಲಿಗೆ ನಮಸ್ಕಾರ ಮಾಡಿದಳು. ಮಲ್ಲಾಜಮ್ಮನ ಕಾಲಿಗೂ ಮಾಡಿದಳು, ಆದರೆ ಮುಖ ನೋಡಲಿಲ್ಲ. ಹರಿಗೋಲಿನಲ್ಲಿ ಕೂತೊಡನೆ, ಇದ್ಯಾಕೆ ದುಂಡಗದೆ, ಮುಂದಕ್ಕೆ ಹೋಗೋ ಬದಲು ಸುತ್ತುತದಲ್ಲ ಎಂದು ಹರಿಗೋಲಿನವನನ್ನು ಬೈಯತೊಡಗಿದಳು. ನೀರಿನ ಮೇಲೆ ಅವಳ ದನಿ ಬಹಳ ಹೊತ್ತು ಕೇಳಿಸಿತು. ಆಮೇಲೆ ಕೇಳಿಸಲಿಲ್ಲ.

ಮಲ್ಲಾಜಮ್ಮ ದಡದಲ್ಲಿ ನಿಂತಿದ್ದಳು. ಹರಿಗೋಲು ಚಿಕ್ಕದಾಯಿತು. ಎಲ್ಲೆಲ್ಲಿ ಎಷ್ಟೆಷ್ಟು ಚಿಕ್ಕದಾಗಬೇಕೋ ಅಲ್ಲಲ್ಲಿ ಅಷ್ಟಷ್ಟೇ ಚಿಕ್ಕದಾಯಿತು.

ಮನೆಗೆ ಬಂದು ಒಲೆ ಹೊತ್ತಿಸಿದಳು. ಊಟವಾದ ಮೇಲೆ ಹಳೆಯ ಹಲಗೆಯೊಂದಕ್ಕೆ ಸುಣ್ಣ ಬಳಿದು ಬಿಸಿಲಿಗೆ ಇಟ್ಟಳು. ಯಾರ ಹಲಗೆಯೆಂದು ಗುರುಗಳು ಕೇಳಲಿಲ್ಲ. ಹೆರೆದ ಕಡ್ಡಿಗಳಲ್ಲಿ ಚೆನ್ನಾಗಿ ಸುಟ್ಟ ನಾಲ್ಕನ್ನು ಆರಿಸಿ ಅದರ ಪಕ್ಕ ಇಟ್ಟು ಹೋದರು.

ಸಂಜೆ ಅವಳು ತಾನು ಸಾಲುಮರ ಬರೆದ ಹಲಗೆಯನ್ನು ಜಗುಲಿಗೆ ಒರಗಿಸಿ ಬಟ್ಟಲನ್ನು ಗುರುಗಳ ಮುಂದೆ ಹಿಡಿದಳು.

“ಈಚೆಗೆ ನನಗೆ ಗೆರೆ ಮಂಜಾಗಿದೆ,” ಎಂದರು ಗುರುಗಳು. “ಕಂಡರೂ ಆ ಬಟ್ಟಲು ನಾನು ಮುಟ್ಟುವುದಲ್ಲ. ತಿದ್ದುವವಳು ನೀನು.”

ಅಂದು ಅವಳು ತನ್ನ ಹಲಗೆಗೆ ಮೂವತ್ತೊಂದು ಚುಕ್ಕೆ ಇಟ್ಟಳು. ಒಂದನ್ನೂ ಬಿಡಲಿಲ್ಲ.

ಇಪ್ಪತ್ತೊಂದು ವರ್ಷ ಗೆರೆ ಎಳೆಯದ ಕೈ. ಭುಜ ನೋಯುತ್ತಿತ್ತು. ಬೆಳಿಗ್ಗೆ ಬರೆದಳು, ಮಧ್ಯಾಹ್ನ ಬರೆದಳು. ಸಂಜೆ ಬೇರೊಬ್ಬಳ ಹಲಗೆಯೆಂಬಂತೆ ತಿದ್ದಿದಳು. ಜಗುಲಿಯಲ್ಲಿ ಮಾತಿರಲಿಲ್ಲ. ಎರಡು ತಿಂಗಳಾದ ಮೇಲೆ ಚುಕ್ಕೆಗಳು ಎರಡಾದವು. ಒಂದು ಸಂಜೆ ಒಂದೂ ಇರಲಿಲ್ಲ. ಮರುದಿನವೂ ಇರಲಿಲ್ಲ.

ಮೂರನೆಯ ಸಂಜೆ ಗುರುಗಳು ಜಗುಲಿಯ ಇನ್ನೊಂದು ತುದಿಯಲ್ಲಿ ಹೊಳೆಗೆ ಮುಖಮಾಡಿ ಕೂತಿದ್ದರು.

ಮಲ್ಲಾಜಮ್ಮ ಹಲಗೆಯನ್ನು ನೋಡಿದಳು. ಒಂದೇ ಸಲ ನೋಡಿದಳು. ಸಾಕಾಯಿತು.

ಗುರುಗಳು ನೀರಿನ ಚೆಂಬಿಗೆ ಕೈ ಚಾಚಿದರು. ಕೈ ಚೆಂಬಿನಿಂದ ಒಂದು ಗೇಣು ಆಚೆಗೆ ಹೋಯಿತು. ನೆಲವನ್ನು ತಡವಿತು. ನಿಧಾನವಾಗಿ ಹಿಂದಕ್ಕೆ ಬಂದು ಚೆಂಬನ್ನು ಹಿಡಿಯಿತು. ಅವರು ನೀರು ಕುಡಿದು, ಚೆಂಬನ್ನು ಇಟ್ಟ ಜಾಗವನ್ನು ಎರಡು ಸಲ ಮುಟ್ಟಿ ನೋಡಿದರು.

ನಾಳೆ ಈ ಹೊತ್ತಿಗೆ ಆ ಚೆಂಬನ್ನು ತುಂಬಿಸುವವರು ಯಾರೆಂದು ಮಲ್ಲಾಜಮ್ಮ ಯೋಚಿಸಿದಳು.

ಅವಳ ಬೆರಳು ಕೆಮ್ಮಣ್ಣಿಗೆ ಇಳಿಯಿತು. ಬಟ್ಟಲು ನೆಲಕ್ಕೆ ತಗುಲಿ ಸಣ್ಣಗೆ ಸದ್ದಾಯಿತು. ಒದ್ದೆಯಾದ ಬೆರಳನ್ನು ಹಲಗೆಯ ಹತ್ತಿರ ತಂದಳು. ಒಂದು ಮರವನ್ನು ಆರಿಸಿದಳು.

ಗುರುಗಳು ಮುಖ ತಿರುಗಿಸಲಿಲ್ಲ.

“ಗೆರೆ ನೋಡು, ಮಲ್ಲಾಜಿ,” ಎಂದರು. “ನನ್ನನ್ನು ನೋಡಬೇಡ.”