ಬೇರಿನ ಗಂಟು

ಹೊಳೆದಂಡೆಯ ಆಶ್ರಮದ ಗುರುಸಿದ್ಧಯ್ಯನವರಿಗೆ ವಯಸ್ಸಾಗಿತ್ತು. ಮದ್ದಿನ ತೋಟವನ್ನು ಇನ್ನೊಬ್ಬರ ಕೈಗೆ ಒಪ್ಪಿಸಬೇಕಿತ್ತು.

ಶಿಷ್ಯರು ಇಬ್ಬರು. ಭರಮಣ್ಣ ಬಂದು ಒಂಬತ್ತು ವರ್ಷ, ಈರಮ್ಮ ಬಂದು ಒಂಬತ್ತು ತಿಂಗಳು. ತೋಟ ತನಗೇ ಎಂದು ಭರಮಣ್ಣ ಎಂದೋ ತೀರ್ಮಾನಿಸಿಬಿಟ್ಟಿದ್ದ.

"ಬೇಲಿಯಾಗೆ ಶಂಖಪುಷ್ಪದ ಬಳ್ಳಿ ಐತೆ," ಎಂದರು ಗುರುಗಳು. "ಈಗ ಹೂವಿಲ್ಲ. ಗುರುತು ಹಿಡಿದು ಬೀಜ ತನ್ನಿ. ಒಬ್ಬೊಬ್ಬರು ಒಂದೊಂದು ಬಳ್ಳಿ ಬೆಳೆಸಿ. ತೋಟ ಯಾರಿಗೆ ಅಂತ ಆಮೇಲೆ ಹೇಳ್ತೀನಿ."

ಗುರುತು ಹಿಡಿದವನು ಭರಮಣ್ಣನೇ. ಒಂದು ಕಡ್ಡಿಗೆ ಐದು ಎಲೆ, ಚಪ್ಪಟೆ ಕಾಯಿ. ಒಣಗಿದ ಕಾಯಿಯೊಂದನ್ನು ಬಿಡಿಸಿ, ದೊಡ್ಡಸ್ತಿಕೆಯಿಂದ ಈರಮ್ಮನಿಗೂ ಒಂದು ಬೀಜ ಕೊಟ್ಟ.

ಈರಮ್ಮ ಅದನ್ನು ಹಿಡಿದುಕೊಂಡು ಗುರುಗಳ ಹತ್ತಿರ ಹೋದಳು.

"ಅಯ್ಯನೋರೆ, ಬೀಜ ಕಲ್ಲಿನಂಗೈತೆ. ಹೆಂಗೆ ಮೊಳೀತೈತೆ?"

"ಕಲ್ಲನ್ನೇ ಕೇಳವ್ವ."

ಅವಳು ಬೀಜವನ್ನು ಕಲ್ಲಿಗೆ ಮೆಲ್ಲಗೆ ಉಜ್ಜಿ, ನೀರಲ್ಲಿ ನೆನೆಹಾಕಿ ಊರಿದಳು. ಒಂಬತ್ತು ವರ್ಷದಿಂದ ಇಲ್ಲಿದ್ದವನು ಇಂಥದ್ದನ್ನೆಲ್ಲ ಕೇಳುವುದುಂಟೇ? ಭರಮಣ್ಣ ಹಾಗೇ ಊರಿದ.

ಅವಳದು ವಾರಕ್ಕೆ ಮೊಳೆಯಿತು. ಅವನದು ತಿಂಗಳು ಕಾಯಿಸಿತು.

ಈರಮ್ಮನ ಬಳ್ಳಿ ಗಳ ಹಿಡಿದು ಎದೆಮಟ್ಟ ಏರಿದಾಗ ಭರಮಣ್ಣನದು ಇನ್ನೂ ಗೇಣುದ್ದ. ಬೆಳಗ್ಗೆ ಎದ್ದು ಅವನು ಮೊದಲು ನೋಡುತ್ತಿದ್ದದ್ದು ಅವಳ ಬಳ್ಳಿಯನ್ನು. ಒಂದು ದಿನ ಅದರಲ್ಲಿ ನೀಲಿ ಮೊಗ್ಗು ಕಂಡಿತು. ಅವತ್ತು ಅವನಿಗೆ ಅನ್ನ ಸೇರಲಿಲ್ಲ.

"ಗುರುತು ಹಿಡಿದವನು ನಾನು," ಎಂದು ಒಳಗೇ ಕುದಿದ. "ಒಂದೇ ಕಾಯಿಯ ಬೀಜ, ಒಂದೇ ಮಣ್ಣು. ಅಯ್ಯನೋರು ಅವಳಿಗೆ ಗುಟ್ಟಾಗಿ ಏನೋ ಗೊಬ್ಬರ ಕೊಟ್ಟವ್ರೆ."

ಮಧ್ಯಾಹ್ನ ಗುರುಗಳೂ ಈರಮ್ಮನೂ ಹೊಳೆಗೆ ಹೋದಾಗ ಅವಳ ಬಳ್ಳಿಯ ಬುಡ ಅಗೆದ. ಬೇರಿನ ತುಂಬ ಸಾಸಿವೆಗಿಂತ ದಪ್ಪನೆಯ ಗಂಟುಗಳು.

"ಸಿಕ್ತು! ಇದೇ ಆ ಗೊಬ್ಬರ!"

ಒಂದೊಂದನ್ನೂ ಚಿವುಟಿ ತೆಗೆದು ತನ್ನ ಬಳ್ಳಿಯ ಬುಡದಲ್ಲಿ ಹುಗಿದ.

ಮೂರು ದಿನಕ್ಕೆ ಈರಮ್ಮನ ಬಳ್ಳಿ ಬಾಡಿತು. ಮೊಗ್ಗು ಉದುರಿತು.

"ನೀರು ಹೆಚ್ಚು ಹಾಕಿದ್ನೇನೋ ಅಯ್ಯನೋರೆ. ಕೈಯಾರೆ ಕೆಡಿಸಿಬಿಟ್ಟೆ," ಎಂದು ಅವಳು ಅತ್ತಳು.

ಭರಮಣ್ಣನಿಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಬಾಯಿ ಮಾತ್ರ ಬಿಡಲಿಲ್ಲ.

ಗುರುಗಳು ಅವಳ ಬಳ್ಳಿಯ ಬುಡ ಮುಟ್ಟಿದರು. ಮಣ್ಣು ಸಡಿಲವಾಗಿತ್ತು. ಎದ್ದು ಭರಮಣ್ಣನ ಬಳ್ಳಿಯ ಹತ್ತಿರ ಹೋಗಿ, ಬೆರಳಿಂದ ಮೇಲುಮಣ್ಣು ಕೆದಕಿದರು. ಕೊಳೆತ ಗಂಟುಗಳು ಕೈಗೆ ಬಂದವು.

"ಇವೇನಪ್ಪಾ?"

"ನೀವು ಅವಳಿಗೆ ಕೊಟ್ಟ ಗೊಬ್ಬರ," ಎಂದ ಭರಮಣ್ಣ. "ನಾನೇ ಅಗೆದು ಕದ್ದೆ. ಒಂಬತ್ತು ವರ್ಷ ನಿಮ್ಮ ಕಾಲಡಿ ಇದ್ದೀನಿ. ನಂಗ್ಯಾಕೆ ಕೊಡ್ಲಿಲ್ಲ?"

ಗುರುಗಳು ಈರಮ್ಮನ ಕಡೆ ತಿರುಗಿದರು.

"ತೋಟ ನಿನ್ನದು ಕಣವ್ವ. ಬಳ್ಳಿ ಬುಡಕ್ಕೆ ಮಣ್ಣು ಕೊಡು. ವರ್ಷಗಟ್ಟಲೆ ಬಾಳೋ ಬೇರು ಅದು, ಮತ್ತೆ ಚಿಗುರ್ತೈತೆ."

"ನಂಗೆ?" ಎಂದ ಭರಮಣ್ಣ.

ಗುರುಗಳು ಅವನ ಬಳ್ಳಿಯ ಪಕ್ಕದಲ್ಲಿ ಕೂತು ಮಣ್ಣನ್ನು ನಿಧಾನಕ್ಕೆ ಸರಿಸುತ್ತ ಹೋದರು. ಗೇಣುದ್ದದ ಬಳ್ಳಿಗೆ ಮೊಳದುದ್ದದ ಬೇರು. ಅದರ ಉದ್ದಕ್ಕೂ ಗಂಟುಗಳು. ಹುಗಿದವಲ್ಲ, ಬೇರಿಗೇ ಅಂಟಿ ಬೆಳೆದವು. ಒಂದನ್ನು ಉಗುರಿಂದ ಒತ್ತಿದರೆ ಒಳಗೆ ನಸುಗೆಂಪು.

ಭರಮಣ್ಣ ಬಗ್ಗಿ ಒಂದು ಗಂಟನ್ನು ಮುಟ್ಟಿ ನೋಡಿದ.

"ಇವನ್ನ ಯಾವಾಗ ಇಟ್ರಿ ಅಯ್ಯನೋರೆ?"

"ನಾನಿಟ್ಟಿಲ್ಲ. ನೀನು ದಿನಾ ಅವಳ ಬಳ್ಳಿ ನೋಡ್ತಾ ನಿಂತಿರ್ತಿದ್ಯಲ್ಲ, ಆವಾಗ ನಿನ್ನ ಬಳ್ಳಿ ತನ್ನ ಗೊಬ್ಬರ ತಾನೇ ಕಟ್ಟಿಕೊಂಡಿದ್ದು. ಬೇಗ ಮುಚ್ಚಪ್ಪಾ, ಬೇರಿಗೆ ಬಿಸಿಲು ತಾಗ್ತೈತೆ."