ಪಿಕಳಾರಕ್ಕೆ ಊರಿಗೊಂದು ಹಾಡು ಬಂದದ್ದು

ಲೋಕ ಇನ್ನೂ ಹಸಿಯಾಗಿತ್ತು, ಪುಟ್ಟೀ. ಹಕ್ಕಿ ಕೂತರೆ ಬೆಟ್ಟದ ಮೇಲೂ ಕಾಲ್ಗುರುತು ಮೂಡುತ್ತಿತ್ತು. ಆಗ ಪಿಕಳಾರ ಹಕ್ಕಿಗಳಿಗೆಲ್ಲ ಒಂದೇ ಮಾತು, ಒಂದೇ ಹಾಡು.

ಕಾವೇರಿ ದಂಡೆಯ ಒಂದು ಗೂಡಿನಲ್ಲಿ ಹೊನ್ನಿ, ಚೆಲುವಿ ಎಂಬ ಅಕ್ಕತಂಗಿಯರು ಹುಟ್ಟಿದರು. ಇಬ್ಬರಿಗೂ ಕರಿ ಜುಟ್ಟು, ಬಾಲದ ಬುಡದಲ್ಲಿ ಕೆಂಪು. ರೆಕ್ಕೆ ಬಲಿತ ಮೇಲೆ ಅಕ್ಕ ಹೊನ್ನಿ ಬಡಗಣ ಬಯಲಿಗೆ ಹಾರಿಹೋದಳು. ತಂಗಿ ಚೆಲುವಿ ಹೊಳೆಯ ದಂಡೆಯಲ್ಲೇ ಉಳಿದಳು.

ಬಯಲಲ್ಲಿ ಗಾಳಿಯೋ ಗಾಳಿ. "ಗಟ್ಟಿಯಾಗಿ ಮಾತಾಡು, ಇಲ್ಲಾಂದ್ರ ಎಲ್ಲಾ ಹಾರಿಸ್ಕೊಂಡು ಒಯ್ತೀನಿ" ಎಂದಿತು ಗಾಳಿ. ಹೊನ್ನಿ ಮಾತನ್ನು ಕಡಿದು ಕಡಿದು, ಗಟ್ಟಿಯಾಗಿ ಆಡತೊಡಗಿದಳು. ಇತ್ತ ಹೊಳೆ, "ನನ್ ಜೊತೆ ನಿಧಾನ್ವಾಗಿ ಮಾತಾಡು" ಎನ್ನುತ್ತಿತ್ತು. ಚೆಲುವಿಯ ಮಾತು ನೀರಿನ ಹಾಗೆ ಜಾರತೊಡಗಿತು. ಮಾತು ಬದಲಾದದ್ದು ಇಬ್ಬರಿಗೂ ತಿಳಿಯಲೇ ಇಲ್ಲ.

ಎಷ್ಟೋ ಮಳೆಗಾಲ ಕಳೆದ ಮೇಲೆ ಹೊನ್ನಿ ತಂಗಿಯನ್ನು ನೋಡಲು ಬಂದಳು.

"ಹೆಂಗದೀ ತಂಗೀ? ಭಾಳ ಸೊರಗೀಯಲ್ಲ!"

ಚೆಲುವಿ ಕಣ್ಣು ಪಿಳಿಪಿಳಿ ಬಿಟ್ಟಳು. "ಯಾಕಕ್ಕಾ, ಬಂದ ತಕ್ಷಣ ಬೈತೀಯಾ?"

"ನಾ ಯಾಕ ಬೈಲಿ ನಿನಗ?"

"ನೋಡು, ಮತ್ತೆ ಬೈತಾ ಇದ್ದೀಯಾ!"

ನಗಬೇಕೋ ಅಳಬೇಕೋ ಇಬ್ಬರಿಗೂ ಗೊತ್ತಾಗಲಿಲ್ಲ.

ಚೆಲುವಿಗೆ ಆಗಷ್ಟೇ ಗೂಡಿನಿಂದ ಇಳಿದ ಮರಿಯೊಂದಿತ್ತು. ಅದರ ಹೆಸರು ಗುಂಡ. ಪೊದೆಯಡಿ ಬಿದ್ದಿದ್ದ ನೇರಳೆ ಹಣ್ಣಿನತ್ತ ಅದು ಕುಪ್ಪಳಿಸುತ್ತ ಹೊರಟಿತು. ಹಣ್ಣಿನ ಹಿಂದೆ ಹಾವು ಸುರುಳಿ ಸುತ್ತಿ ಕಾದಿತ್ತು. ಅದು ಕಂಡದ್ದು ಹೊನ್ನಿಗೆ ಮಾತ್ರ.

"ನಿಂದ್ರು! ನಿಂದ್ರು!" ಎಂದು ಕೂಗಿದಳು. ಅವಳ ಬಯಲಿನಲ್ಲಿ ಹಾಗೆಂದರೆ ನಿಲ್ಲು ಎಂದರ್ಥ.

ಗುಂಡನಿಗೆ ಕೇಳಿಸಿದ್ದು, "ನಿಂದು! ನಿಂದು!" ಹಣ್ಣು ತನ್ನದೇ ಅಂತೆ! ಅವನು ಇನ್ನೂ ಜೋರಾಗಿ ಕುಪ್ಪಳಿಸಿದ.

"ಅಯ್ಯ, ನಿಂದ್ರು ಅಂದ್ರ ಓಡ್ತದಲ್ಲ ಇದು!" ಹೊನ್ನಿಗೆ ದಿಕ್ಕೇ ತೋಚಲಿಲ್ಲ.

"ಹಣ್ಣು ಅವನದೇ ಅಂತೀಯಾ, ಅದಕ್ಯಾಕಕ್ಕಾ ಇಷ್ಟು ಕೂಗಾಟ?" ಎಂದಳು ಚೆಲುವಿ.

ಹಾವು ಹೆಡೆ ಎತ್ತಿತು. ಹೊನ್ನಿಗೆ ಮಾತೇ ಮರೆತುಹೋಯಿತು. ಗಂಟಲಿನಿಂದ "ಚಿರ್ರ್! ಚಿರ್ರ್!" ಎಂಬ ಬರೀ ಭಯ ಹೊರಟಿತು. ಅದನ್ನು ಕೇಳಿದ್ದೇ ತಡ, ಗುಂಡ ಪುರ್ರನೆ ಹಾರಿ ತಾಯಿಯ ರೆಕ್ಕೆಯೊಳಗೆ ನುಗ್ಗಿದ. ಹಾವಿನ ಬಾಯಿಗೆ ಸಿಕ್ಕಿದ್ದು ಮಣ್ಣು.

ಚೆಲುವಿ ಮರಿಯನ್ನು ಇನ್ನಷ್ಟು ಅವುಚಿಕೊಂಡಳು. "ನಿಲ್ಲು ಅನ್ನೋದಲ್ವಾ ಅಕ್ಕಾ?"

"ಅದನ್ನ ಅಂದೆನವ್ವಾ ನಾ!"

ಆಮೇಲೆ ಇಬ್ಬರೂ ಪಕ್ಕಪಕ್ಕ ಕೂತು, ಒಬ್ಬರ ಮಾತನ್ನು ಇನ್ನೊಬ್ಬರು ಆಡಿ ನೋಡಿದರು. ಕೆಲವು ಅರ್ಥವಾದವು, ಕೆಲವು ಕೊನೆಗೂ ಆಗಲಿಲ್ಲ. ಹೊರಡುವಾಗ ಹೊನ್ನಿ ಹೇಳಿದ್ದೇನೆಂದು ಚೆಲುವಿಗೆ ತಿಳಿಯದಿದ್ದರೂ ಅವಳು ಕಣ್ಣು ತುಂಬಿಕೊಂಡು ಹೂಂ ಎಂದಳು.

ಅದಕ್ಕೇ ಪುಟ್ಟೀ, ಇವತ್ತಿಗೂ ಧಾರವಾಡದ ಪಿಕಳಾರ ಒಂದು ಥರ ಹಾಡಿದರೆ ಮೈಸೂರಿನದು ಇನ್ನೊಂದು ಥರ ಹಾಡುತ್ತದೆ. ಹಾವು ಕಂಡಾಗ ಮಾತ್ರ ಎಲ್ಲ ಊರಿನವೂ ಒಂದೇ ಥರ ಚಿರ್ರ್ ಎಂದು ಕೂಗಿಕೊಳ್ಳುತ್ತವೆ.