ಬೆಳಕನ್ನಷ್ಟೇ ಉಣ್ಣುವ ಪಾಚಿ

ದಕ್ಷಿಣ ಧ್ರುವದ ಹತ್ತಿರ, ಎಂದೂ ಕರಗದ ಮಂಜುಗಡ್ಡೆಯ ಕೆಳಗೆ ಒಂದು ಸರೋವರವಿತ್ತು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯೊಂದು ತೇಲಿಕೊಂಡಿತ್ತು. ಬೇಸಿಗೆಯಲ್ಲಿ ಮಂಜುಗಡ್ಡೆ ದಾಟಿ ಒಂದಿಷ್ಟು ಬೆಳಕು ಇಳಿದಾಗ ಅದು ಬ್ಯಾಕ್ಟೀರಿಯಾಗಳನ್ನು ಸುತ್ತ ಕೂರಿಸಿಕೊಂಡು ಪ್ರವಚನ ಮಾಡುತ್ತಿತ್ತು. “ನಾನು ಬೆಳಕು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಜೀವಹಿಂಸೆ ನಮ್ಮ ವಂಶದಲ್ಲೇ ಇಲ್ಲ.”

ಆಮೇಲೆ ನಾಲ್ಕು ತಿಂಗಳು ಸೂರ್ಯ ಮುಖ ತೋರಿಸಲಿಲ್ಲ. ಕತ್ತಲಲ್ಲಿ ಯಾರು ಏನು ಉಂಡರೆಂದು ಯಾರಿಗೂ ಕಾಣಲಿಲ್ಲ.

ಬೆಳಕು ಮರಳಿದ ದಿನ ಪಾಚಿ ಗಂಟಲು ಸರಿಮಾಡಿಕೊಂಡು, “ಈ ಸಲ ಚಳಿಗಾಲ ಪೂರ್ತಿ ಉಪವಾಸ ಮಾಡಿದೆ,” ಎಂದಿತು. ತನ್ನ ಮೈ ಗಾಜಿನ ಹಾಗೆ ಪಾರದರ್ಶಕ ಎಂಬುದು ಅದಕ್ಕೆ ಮರೆತೇಹೋಗಿತ್ತು.

ಒಂದು ಮುದಿ ಬ್ಯಾಕ್ಟೀರಿಯಾ ವಿನಯದಿಂದ ಕೇಳಿತು: “ಸ್ವಾಮಿ, ನಿಮ್ಮ ಹೊಟ್ಟೆಯೊಳಗೆ ನಮ್ಮ ಭಾವ ಕಾಣಿಸುತ್ತಿದ್ದಾರಲ್ಲ? ಪಕ್ಕದಲ್ಲಿ ನಮ್ಮಕ್ಕನೂ ಇದ್ದಾಳೆ.”

ಪಾಚಿ ಒಂದು ಗಳಿಗೆ ತನ್ನ ಹೊಟ್ಟೆ ನೋಡಿಕೊಂಡಿತು.

“ಹೌದು. ಭಕ್ತಿ ಜಾಸ್ತಿಯಾಗಿ ಹತ್ತಿರ ಬಂದು ಕೇಳುತ್ತಿದ್ದಾರೆ. ನೀವೂ ಸ್ವಲ್ಪ ಮುಂದೆ ಬನ್ನಿ.”

“ತಳದಲ್ಲಿ ಕೂತರೂ ಚೆನ್ನಾಗಿ ಕೇಳಿಸುತ್ತದೆ, ಸ್ವಾಮಿ,” ಎನ್ನುತ್ತಾ ಸಭೆಗೆ ಸಭೆಯೇ ಕೆಳಗಿಳಿಯಿತು.